ಬೋಟ್ ಇಳಿದ ಮೇಲೆ ಉಳಿಯೋದು ಮೂರೇ ಗಂಟೆ: ಬಾಡಿಗೆ ಕಾರಲ್ಲಿ ನಾಗಾರ್ಜುನ ಸಾಗರ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬಲ್ಲಿ ಕೂತು ಓದೋರಿಗೆ ಈ ವಾರದ ಮಾತು ಇಲ್ಲಿದೆ. ಮಾತಾಡುವಾಗ ಬಿಟ್ಟುಹೋಗಿದ್ದ ಒಂದೆರಡು ಲೆಕ್ಕ ಸೇರಿಸಿದೀನಿ.

ಹೈದರಾಬಾದಿನಲ್ಲಿರೋ ನಮ್ಮ ಕನ್ನಡದವರು ನನ್ನನ್ನ ಹೆಚ್ಚಾಗಿ ಕೇಳೋದು ಇದು: "ಊರಿಂದ ಅಪ್ಪ-ಅಮ್ಮ ಬಂದಿದಾರೆ. ಚಾರ್ಮಿನಾರ್ ಆಯ್ತು, ಗೋಲ್ಕೊಂಡ ಆಯ್ತು. ಭಾನುವಾರ ಒಂದು ದಿನ ಇದೆ, ಸ್ವಂತ ಕಾರಿಲ್ಲ. ಎಲ್ಲಿಗೆ ಕರ್ಕೊಂಡು ಹೋಗೋದು?" ನಾನು ನಾಗಾರ್ಜುನ ಸಾಗರ ಅಂತೀನಿ. ನಗರದಿಂದ ಸುಮಾರು 150 ಕಿಲೋಮೀಟರ್. ಬೆಳಗ್ಗೆ ಬೋಟಲ್ಲಿ ದ್ವೀಪಕ್ಕೆ ಹೋಗಿ ಬಂದು, ಮಧ್ಯಾಹ್ನ ಹಳ್ಳಿ ಕಡೆ ಸುತ್ತಾಡಿ, ರಾತ್ರಿ ಊಟಕ್ಕೆ ಮನೆ ಸೇರಬಹುದು. ಆದರೆ ಈ ಪ್ಲಾನ್ ಕೆಡೋದು ಬಹುತೇಕ ಬೋಟ್ ಇಳಿದ ಮೇಲೆ. ನಂದೂ ಹಾಗೇ ಕೆಟ್ಟಿತ್ತು.

ಮೊದಲ ಸಲ ನಾನು ಮಾಡಿದ ತಪ್ಪು

ನಮ್ಮದು ಬಾಗಲಕೋಟೆ ಜಿಲ್ಲೆ. ಹಳೇ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆ ಆಯ್ತು. ಅಪ್ಪ ಈಗಿರೋದು ಪುನರ್ವಸತಿ ಕೇಂದ್ರದಲ್ಲಿ, ನಮ್ಮ ಕಡೆ ಆರ್.ಸಿ. ಅಂತಾರಲ್ಲ, ಅಲ್ಲಿ. ಅವರು ಹೈದರಾಬಾದಿಗೆ ಬಂದಾಗ ಕೇಳಿದ್ದು ಒಂದೇ ಮಾತು: "ತಮ್ಮಾ, ನಮ್ಮ ಹೊಳಿ ನೀರು ಅಲ್ಲಿ ಮುಂದ ಎಲ್ಲಿ ನಿಂದರತೈತಿ, ಒಮ್ಮೆ ನೋಡಬೇಕಲ್ಲಪಾ."

ನಾನು ಇಂಜಿನಿಯರ್ ನೋಡಿ, ಎಕ್ಸೆಲ್ ಶೀಟ್ ಮಾಡಿದೆ. ದ್ವೀಪ, ಎತ್ತಿಪೋತಲ ಜಲಪಾತ, ಅನುಪು, ಬುದ್ಧವನಂ, ಅಣೆಕಟ್ಟು ಅಂತ ಐದು ಜಾಗ. ಕಾರು ವಾಪಸ್ ಕೊಡೋ ಟೈಮ್ ರಾತ್ರಿ 8. ಮನೆ ಬಿಟ್ಟಿದ್ದೇ ತಡ, ಬೆಳಗಿನ ಬೋಟ್ ಕಣ್ಣೆದುರೇ ಹೊರಟುಹೋಯ್ತು. ಮುಂದಿನ ಬೋಟ್ ಹತ್ತಿ ವಾಪಸ್ ದಡ ಸೇರುವಾಗ ಮೂರು ಗಂಟೆ ದಾಟಿತ್ತು.

ದಡದಲ್ಲಿ ಅಪ್ಪ ಒಂದು ಕಲ್ಲಿನ ಮೇಲೆ ಕೂತರು. "ಹತ್ತು ನಿಮಿಷ ಕೂಡೂಣು" ಅಂದರು. "ಟೈಮಿಲ್ಲಪ್ಪಾ, ಇನ್ನೂ ನಾಲ್ಕು ಜಾಗ ಇದೆ" ಅಂತ ಎಬ್ಬಿಸಿದೆ. ಎತ್ತಿಪೋತಲದಲ್ಲಿ ಇಪ್ಪತ್ತು ನಿಮಿಷ, ಬುದ್ಧವನಂ ಗೇಟಿನಲ್ಲಿ ಒಂದು ಫೋಟೋ. ವಾಪಸ್ ಬರುವಾಗ ಕತ್ತಲಾಗಿತ್ತು. ಕೊಂಡಮಲ್ಲೇಪಲ್ಲಿ ದಾಟಿದ ಮೇಲೆ ಹಿಂದೆ ಲೈಟೇ ಇಲ್ಲದ ಒಂದು ಹತ್ತಿ ಟ್ರಾಕ್ಟರ್. ಕೊನೇ ಗಳಿಗೆಯಲ್ಲಿ ಬ್ರೇಕ್ ಒತ್ತಿದೆ. ಅಪ್ಪ ಏನೂ ಬೈಯಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಇಟ್ಟ ಕೈಯನ್ನ ಇಬ್ರಾಹಿಂಪಟ್ನಂವರೆಗೆ ತೆಗೀಲಿಲ್ಲ ಅಷ್ಟೇ. ಕಾರು ತಡವಾಗಿ ಕೊಟ್ಟಿದ್ದಕ್ಕೆ ದಂಡ ಬೇರೆ ಬಿತ್ತು.

ಆ ದಿನ ನಾವು ಎಲ್ಲ ನೋಡಿದ್ವಿ. ಅಪ್ಪ ಕೇಳಿದ್ದೊಂದು ಬಿಟ್ಟು.

ಲೆಕ್ಕವನ್ನ ಹಿಂದಿನಿಂದ ಹಾಕಿ

ಎರಡನೇ ಸಲ ನಾನು ಸಂಜೆಯಿಂದ ಬೆಳಗಿನ ಕಡೆಗೆ ಲೆಕ್ಕ ಹಾಕಿದೆ. ಈ ದಿನದಲ್ಲಿ ನಮ್ಮ ಕೈಯಲ್ಲಿಲ್ಲದ ಟೈಮ್ ಮೂರಿವೆ: ಬೋಟ್ ಹೊರಡೋದು, ಸೂರ್ಯ ಮುಳುಗೋದು, ಕಾರು ವಾಪಸ್ ಕೊಡೋದು. ಮಿಕ್ಕಿದ್ದೆಲ್ಲ ಇವುಗಳ ನಡುವೆ ಕೂರಬೇಕು.

ಡಿಸೆಂಬರ್-ಜನವರಿಯಲ್ಲಿ ಆರು ಗಂಟೆ ಆಸುಪಾಸಿಗೆ ಕತ್ತಲು. ಸಾಗರ ರಸ್ತೆಯಲ್ಲಿ ಎಮ್ಮೆ, ಟ್ರಾಕ್ಟರ್, ಹೆಡ್‌ಲೈಟಿಲ್ಲದ ಬೈಕ್ ಎಲ್ಲ ಸಿಗ್ತವೆ. ಹಾಗಾಗಿ ಅಲ್ಲಿಂದ ಸಂಜೆ 4ಕ್ಕೆ, ತೀರಾ ಅಂದರೆ 4:30ಕ್ಕೆ ಹೊರಡಲೇಬೇಕು. ಆಗ ಹಳ್ಳಿ ರಸ್ತೆಯ ಬಹುಪಾಲು ಬೆಳಕಿರುವಾಗಲೇ ಮುಗಿಯುತ್ತೆ. ಗಚ್ಚಿಬೌಲಿ ಕಡೆಯವರಿಗೆ ಟೀ ಬ್ರೇಕ್ ಸೇರಿ ಮೂರೂವರೆ ಗಂಟೆ ಹಿಡೀರಿ.

ಬೆಳಗ್ಗೆಯೂ ಅಷ್ಟೇ ಹೊತ್ತು. 5:30ಕ್ಕೆ ಮನೆ ಬಿಟ್ಟರೆ 9ರ ಹೊತ್ತಿಗೆ ಬೋಟ್ ಕಟ್ಟೆಯಲ್ಲಿರ್ತೀರಿ. ದ್ವೀಪಕ್ಕೆ ಹೋಗೋಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಬರೋಕೆ ಅಷ್ಟೇ, ದ್ವೀಪದಲ್ಲಿ ಒಂದು ಗಂಟೆ. ಕಾಯೋದನ್ನೂ ಸೇರಿಸಿದರೆ ದಡಕ್ಕೆ ಕಾಲಿಡುವಾಗ 1 ಅಥವಾ 1:30. ಈಗ ಕಳೀರಿ: 1:30ರಿಂದ 4:30, ಮೂರು ಗಂಟೆ. ಅದರಲ್ಲಿ ಊಟಕ್ಕೆ ಒಂದು ಗಂಟೆ. ಉಳಿದದ್ದರಲ್ಲಿ ಒಂದೇ ಜಾಗ ನೆಮ್ಮದಿಯಾಗಿ ನೋಡಬಹುದು.

ಆ ಒಂದು ಜಾಗ ಯಾವುದು? ಬೋಟ್ ಇಳಿದ ದಡದಲ್ಲೇ ಇರೋದು. ಇಲ್ಲಿ ಕೃಷ್ಣೆಯೇ ಗಡಿ: ಈಚೆ ತೆಲಂಗಾಣ, ಆಚೆ ಆಂಧ್ರ. ಬೋಟ್ ಎರಡೂ ಕಡೆಯಿಂದ ಇವೆ. ತೆಲಂಗಾಣದ ಹಿಲ್ ಕಾಲೋನಿ ಕಡೆಯಿಂದ ಹೋದರೆ ಹತ್ತಿರ ಇರೋದು ಬುದ್ಧವನಂ. 274 ಎಕರೆಯ ಬೌದ್ಧ ಪಾರ್ಕು, 2022ರಲ್ಲಿ ಶುರುವಾಯ್ತು. ಸೇತುವೆ ದಾಟಿ ಆಂಧ್ರದ ವಿಜಯಪುರಿ ಸೌತ್‌ನಿಂದ ಹೋದರೆ ಅನುಪು, ಇಲ್ಲವೇ ಎತ್ತಿಪೋತಲ. ಚಂದ್ರವಂಕ ನದಿ ಸುಮಾರು 70 ಅಡಿ ಕೆಳಗೆ ಬೀಳೋ ಜಾಗ ಅದು, ಮೊಸಳೆ ಸಾಕಣೆ ಕೇಂದ್ರವೂ ಇದೆ.

ಶುಕ್ರವಾರ ಹೋಗಬೇಡಿ, ದ್ವೀಪದ ಮ್ಯೂಸಿಯಂಗೆ ಅವತ್ತು ರಜಾ.

ಸಾಗರದಿಂದ ಶ್ರೀಶೈಲಕ್ಕೆ ಹೋಗೋ ದೊಡ್ಡ ಬೋಟ್ ಬಗ್ಗೆ ಕೆಲವರು ಕೇಳ್ತಾರೆ. ನಲ್ಲಮಲ ಬೆಟ್ಟಗಳ ನಡುವೆ ಐದಾರು ಗಂಟೆಯ ಪಯಣ, ಚೆನ್ನಾಗಿರುತ್ತೆ. ಆದರೆ ಬೋಟ್ ನಿಮ್ಮನ್ನ ಶ್ರೀಶೈಲದಲ್ಲಿ ಇಳಿಸುತ್ತೆ, ಬಾಡಿಗೆ ಕಾರು ಸಾಗರದಲ್ಲೇ ನಿಂತಿರುತ್ತೆ! ಅದಕ್ಕೆ ಎರಡು ದಿನದ ಪ್ಯಾಕೇಜೇ ಸರಿ. ಶ್ರೀಶೈಲದಿಂದ ಹೈದರಾಬಾದಿಗೆ ಬರೋ ಕಾಡಿನ ರಸ್ತೆಯನ್ನ, ಹುಲಿ ಮೀಸಲು ಪ್ರದೇಶ ಅಂತ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ತಾರೆ ಅನ್ನೋದೂ ನೆನಪಿರಲಿ.

ಕಾರು ತಗೊಳ್ಳುವಾಗ

ಒಂದು, ಹಿಂದಿನ ರಾತ್ರಿಯೇ ಕಾರು ತಂದಿಟ್ಟುಕೊಳ್ಳಿ. ಬೆಳಗ್ಗೆ ಐದಕ್ಕೆ ಪಾರ್ಕಿಂಗ್‌ನಲ್ಲಿ ಕಾರು ಹುಡುಕ್ತಾ ನಿಂತರೆ ಬೋಟ್ ತಪ್ಪಿತು ಅಂತಲೇ ಲೆಕ್ಕ.

ಎರಡು, ವಾಪಸ್ ಕೊಡೋ ಟೈಮ್‌ಗೆ ಎರಡು ಗಂಟೆ ಹೆಚ್ಚಿಗೆ ಬುಕ್ ಮಾಡಿ. 8ಕ್ಕೆ ಬರ್ತೀವಿ ಅನ್ಸಿದರೆ 10 ಅಂತ ಹಾಕಿ. ಆ ಎರಡು ಗಂಟೆಯ ದುಡ್ಡು ನಿಮ್ಮನ್ನ ರಸ್ತೆಯಲ್ಲಿ ಓಡಿಸದೇ ಇರೋದಕ್ಕೆ ಕೊಡೋ ಫೀಸು ಅಂದ್ಕೊಳ್ಳಿ. ನಂಗೆ ಬಿದ್ದ ದಂಡ ಅದಕ್ಕಿಂತ ಜಾಸ್ತಿ ಇತ್ತು.

ಮೂರು, ನಂಬರ್ ಪ್ಲೇಟ್ ನೋಡಿ. ನಾವೇ ಓಡಿಸೋಕೆ ಬಾಡಿಗೆಗೆ ಕೊಡೋ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತೆ. ಸೇತುವೆ ದಾಟಿದರೆ ಬೇರೆ ರಾಜ್ಯ, ಹಾಗಾಗಿ ಪರ್ಮಿಟ್ ಆಂಧ್ರಕ್ಕೂ ನಡೆಯುತ್ತಾ ಅಂತ ಬುಕ್ ಮಾಡುವಾಗಲೇ ಕೇಳಿ, ಉತ್ತರವನ್ನ ಮೆಸೇಜಿನಲ್ಲಿ ತಗೊಳ್ಳಿ. ಆರ್.ಸಿ., ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಫೋನಲ್ಲಿರಲಿ. (ಈ ಆರ್.ಸಿ. ಕಾರಿಂದು, ನಮ್ಮೂರಿಂದಲ್ಲ!)

ನಾಲ್ಕು, ಕಾರಿನ ಸುತ್ತ ಒಂದು ವಿಡಿಯೋ ಮಾಡಿ: ಗೀರು, ಟೈರು, ಸ್ಟೆಪ್ನಿ, ಪೆಟ್ರೋಲ್ ಮುಳ್ಳು, ಕಿಲೋಮೀಟರ್. ಎಷ್ಟು ಪೆಟ್ರೋಲಿತ್ತೋ ಅಷ್ಟೇ ತುಂಬಿಸಿ ಕೊಡಬೇಕಾ, ಕಿಲೋಮೀಟರಿಗೆ ಮಿತಿ ಇದೆಯಾ ನೋಡ್ಕೊಳ್ಳಿ. ಹೋಗಿ ಬಂದು ಓಡಾಡೋದು 350 ಕಿಲೋಮೀಟರ್ ದಾಟುತ್ತೆ.

ದಾರಿ ಸುಲಭ. ಔಟರ್ ರಿಂಗ್ ರೋಡಲ್ಲಿ ಬೊಂಗ್ಲೂರಿಗೆ ಬಂದು ಇಳೀರಿ. ಅಲ್ಲಿಂದ ಇಬ್ರಾಹಿಂಪಟ್ನಂ, ಯಾಚಾರಂ, ಮಾಲ್, ಕೊಂಡಮಲ್ಲೇಪಲ್ಲಿ. ನಲ್ಗೊಂಡ ಜಿಲ್ಲೆ ಶುರುವಾದ ಮೇಲೆ ಹತ್ತಿ ಹೊಲ, ಬತ್ತಾಯಿ ತೋಟ. ಬತ್ತಾಯಿ ಅಂದರೆ ನಮ್ಮ ಮೋಸಂಬಿ.

ಯಾವಾಗ ಹೋಗೋದು? ಆಲಮಟ್ಟಿಯನ್ನ ಕೇಳಿ

ಈ ಜಲಾಶಯಕ್ಕೆ ಬರೋ ನೀರಿನ ದೊಡ್ಡ ಪಾಲು ನಮ್ಮ ಕಡೆಯಿಂದ ಹರಿದು ಬಂದಿದ್ದು. ಆಲಮಟ್ಟಿ ತುಂಬಬೇಕು, ಆಮೇಲೆ ನಾರಾಯಣಪುರ, ಜುರಾಲಾ. ದಾರಿಯಲ್ಲಿ ಭೀಮಾ, ತುಂಗಭದ್ರಾ ಸೇರಿ ಶ್ರೀಶೈಲ ತುಂಬಬೇಕು. ಕೊನೆಗೆ ಸಾಗರ. ಇದರ ಪೂರ್ಣ ಮಟ್ಟ 590 ಅಡಿ. ಮಳೆ ಚೆನ್ನಾಗಿ ಆದ ವರ್ಷ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಗೇಟ್ ತೆಗೀತಾರೆ, ನೋಡೋಕೆ ಹಬ್ಬ. ಆದರೆ ಬೋಟಿಗೆ ಅದು ಕಾಲವಲ್ಲ. 2019ರ ಸೆಪ್ಟೆಂಬರ್ 15ರಂದು ಗೋದಾವರಿಯಲ್ಲಿ ಕಚ್ಚುಲೂರು ಹತ್ತಿರ ಪ್ರವಾಸಿ ಬೋಟ್ ಮುಳುಗಿ ಎಷ್ಟೋ ಜನ ಹೋದರು. ಅವತ್ತು ನದಿ ತುಂಬಿ ಹರೀತಿತ್ತು. ಪ್ರವಾಹದ ದಿನ ಬೋಟ್ ನಿಲ್ಲಿಸಿದಾರೆ ಅಂದರೆ ಜಗಳ ಆಡಬೇಡಿ. ಲೈಫ್ ಜಾಕೆಟ್ ಕೊಟ್ಟರೆ ಕ್ಲಿಪ್ ಹಾಕ್ಕೊಳ್ಳಿ, ಫೋಟೋಗೆ ಅಂತ ತೆಗೀಬೇಡಿ. ನನ್ನ ಪ್ರಕಾರ ಒಳ್ಳೇ ಕಾಲ ನವೆಂಬರ್‌ನಿಂದ ಜನವರಿ: ನೀರು ತುಂಬಿರುತ್ತೆ, ಹರಿವು ಇಳಿದಿರುತ್ತೆ. ಏನೇ ಆದರೂ ಹಿಂದಿನ ದಿನ ಬೋಟ್ ಇದೆಯಾ ಅಂತ ಫೋನ್ ಮಾಡಿ ಕೇಳಿ.

ದ್ವೀಪದಲ್ಲಿ ನಮ್ಮದೊಂದು ನಂಟು

ನಾಗಾರ್ಜುನಕೊಂಡ ಮೊದಲು ದ್ವೀಪ ಆಗಿರಲಿಲ್ಲ, ಒಂದು ಕಣಿವೆಯ ಪಕ್ಕದ ಬೆಟ್ಟ. ಆ ಕಣಿವೆಯಲ್ಲಿ ಮೂರನೇ ಶತಮಾನದಲ್ಲಿ ಇಕ್ಷ್ವಾಕು ರಾಜರ ರಾಜಧಾನಿ ವಿಜಯಪುರಿ ಇತ್ತು. 1955ರ ಡಿಸೆಂಬರ್‌ನಲ್ಲಿ ನೆಹರೂ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಕಣಿವೆ ಮುಳುಗುತ್ತೆ ಅಂತ ಗೊತ್ತಾಗಿ 1954ರಿಂದ 1960ರವರೆಗೆ ಪುರಾತತ್ವ ಇಲಾಖೆ ಅಗೆದು, ಮುಖ್ಯವಾದ ಸ್ತೂಪ, ವಿಹಾರಗಳನ್ನ ಬೆಟ್ಟದ ಮೇಲೂ ಅನುಪುವಿನಲ್ಲೂ ಮತ್ತೆ ಕಟ್ಟಿತು. 1967ರಲ್ಲಿ ಇಂದಿರಾ ಗಾಂಧಿ ಕಾಲುವೆಗೆ ನೀರು ಬಿಟ್ಟರು.

ಅಲ್ಲಿ ಸಿಕ್ಕ ಒಂದು ಶಾಸನದಲ್ಲಿ ಕೊಡಬಲಿಸಿರಿ ಅನ್ನೋ ಹೆಸರಿದೆ. ಇಕ್ಷ್ವಾಕು ದೊರೆ ವೀರಪುರುಷದತ್ತನ ಮಗಳು, ವನವಾಸದ ಮಹಾರಾಜನ ರಾಣಿ. ವನವಾಸ ಅಂದರೆ ನಮ್ಮ ಬನವಾಸಿ. ಅಣ್ಣನೋ ತಮ್ಮನೋ ಎಹುವುಲ ಚಾಂತಮೂಲ ಆಳ್ತಿದ್ದಾಗ ಆಕೆ ಇಲ್ಲಿ ಭಿಕ್ಷುಗಳಿಗೆ ವಿಹಾರ ಕಟ್ಟಿಸಿದಳು. ಬನವಾಸಿಗೆ ಮದುವೆಯಾಗಿ ಹೋದ ಹೆಣ್ಣುಮಗಳು ತವರನ್ನ ಮರೆತಿರಲಿಲ್ಲ.

ಎರಡನೇ ಸಲ

ಮರುವರ್ಷ ಜನವರಿಯಲ್ಲಿ ಅಪ್ಪ ಮತ್ತೆ ಬಂದರು. ಮೊಣಕಾಲು ನೋವು ಜಾಸ್ತಿಯಾಗಿತ್ತು. ಈ ಸಲ 5:30ಕ್ಕೇ ಹೊರಟ್ವಿ. ಬೋಟ್ ಇಳಿದಾಗ ಒಂದೂಕಾಲು. ಅಮ್ಮ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು ಅನುಪುಗೆ ಹೋದ್ವಿ, ಬೇರೆಲ್ಲಿಗೂ ಇಲ್ಲ.

ಅನುಪುವಿನಲ್ಲಿ ಮತ್ತೆ ಜೋಡಿಸಿದ ಹಳೇ ರಂಗಮಂಟಪ ಇದೆ, ಆಚೆ ಹಿನ್ನೀರು. ಅಪ್ಪ ಅಲ್ಲಿ ಒಂದು ಗಂಟೆ ಕೂತರು. ಬರೋ ದಾರಿಯಲ್ಲಿ ಅಣೆಕಟ್ಟನ್ನ ದೂರದಿಂದ ನೋಡಿ ಗೇಟ್ ಎಣಿಸಿದ್ದರು: "ಇಪ್ಪತ್ತಾರು. ಆಲಮಟ್ಟಿಗೂ ಇಪ್ಪತ್ತಾರs." ನನಗೆ ಗೊತ್ತಿರಲಿಲ್ಲ. ಈ ನೀರನ್ನ ಕೊಳವೆಯಲ್ಲಿ ಹೈದರಾಬಾದಿಗೂ ಒಯ್ತಾರೆ, ನಗರದ ಎಷ್ಟೋ ನಲ್ಲಿಗಳಲ್ಲಿ ಬರೋದು ಕೃಷ್ಣೆಯೇ ಅಂತ ನಾನು ಹೇಳಿದೆ.

"ಹಂಗಾರ ನಮ್ಮ ಹೊಲದ ಮ್ಯಾಲಿಂದ ಬಂದ ನೀರು ನೀ ಕುಡೀತಿ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಕಟ್ಟಿದ ಆ ಮೆಟ್ಟಿಲುಗಳನ್ನ ತೋರಿಸಿ, "ಇವಕ್ಕೂ ಆರ್.ಸಿ. ಕೊಟ್ಟಾರ ನೋಡು" ಅಂದು ನಕ್ಕರು.

ನಾಲ್ಕೂಕಾಲಿಗೆ ಅವರೇ ಎದ್ದರು. "ನಡಿ ತಮ್ಮಾ, ಟ್ರಾಕ್ಟರ್ ಬರೂದ್ರಾಗ ಹೋಗೂಣು." ಇಬ್ರಾಹಿಂಪಟ್ನಂನಲ್ಲಿ ಚಹಾ ಕುಡಿದು ಎಂಟಕ್ಕೆ ಮನೆ ಸೇರಿದ್ವಿ. ಕಾರು ಕೊಡೋಕೆ ಇನ್ನೂ ಎರಡು ಗಂಟೆ ಇತ್ತು.

ಹಾಗಾಗಿ ನಿಮ್ಮ ಶೀಟಿನಲ್ಲಿ ಐದು ಜಾಗ ಇದ್ದರೆ ಮೂರನ್ನ ಇವತ್ತೇ ಅಳಿಸಿ. ಯಾವ ಎರಡು ಉಳಿಸಬೇಕು ಅಂತ ಗೂಗಲ್ ರೇಟಿಂಗ್ ನೋಡೋ ಮೊದಲು ಜೊತೆಗೆ ಬರೋ ಹಿರಿಯರನ್ನ ಕೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.