ಕಟ್ಟಡದ ಮೇಲಿನ ಭಾರ: ಉದ್ಯಮಿಗಳು ಅರಿತಿರಬೇಕಾದ ವಿನ್ಯಾಸದ ಸಂಗತಿಗಳು

ವರ್ಷಾಂತ್ಯದಲ್ಲಿ ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸುವಾಗ ಕಟ್ಟಡದ ಮೌಲ್ಯವನ್ನು ಒಂದೇ ಸಾಲಿನಲ್ಲಿ ಬರೆದು, ಸವಕಳಿಯನ್ನು ಕಳೆದು ಮುಂದೆ ಸಾಗುತ್ತೇವೆ. ಆ ಕಟ್ಟಡವನ್ನು ಎಷ್ಟು ಭಾರ ಹೊರಲೆಂದು ಕಟ್ಟಲಾಗಿದೆ, ಈಗ ಅದು ಎಷ್ಟು ಭಾರ ಹೊತ್ತಿದೆ ಎಂಬ ಪ್ರಶ್ನೆಗೆ ಯಾವ ಲೆಕ್ಕಪುಸ್ತಕದಲ್ಲಿಯೂ ಉತ್ತರವಿರುವುದಿಲ್ಲ.

ಈ ಪ್ರಶ್ನೆಯನ್ನು ಕಡೆಗಣಿಸಿದುದರ ಫಲವನ್ನು ನಮ್ಮ ನಾಡು ಹಲವು ಬಾರಿ ಉಂಡಿದೆ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡವು ನಿರ್ಮಾಣದ ಹಂತದಲ್ಲಿಯೇ ಕುಸಿದು ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2019ರ ಮಾರ್ಚಿನಲ್ಲಿ ಧಾರವಾಡದಲ್ಲಿ ನಿರ್ಮಾಣದಲ್ಲಿದ್ದ ವಾಣಿಜ್ಯ ಸಂಕೀರ್ಣವೊಂದು ಉರುಳಿತು. 2024ರ ಅಕ್ಟೋಬರಿನಲ್ಲಿ ಹೆಣ್ಣೂರು ಬಳಿಯ ಬಾಬುಸಾಪಾಳ್ಯದಲ್ಲಿ ಬಹುಮಹಡಿ ಕಟ್ಟಡ ಕುಸಿದು ಒಂಬತ್ತು ಕಾರ್ಮಿಕರು ಮೃತಪಟ್ಟರು.

ಈ ಲೇಖಕ ಎಂಜಿನಿಯರನಲ್ಲ, ಲೆಕ್ಕಪರಿಶೋಧಕ. ಆದರೂ ಸಣ್ಣ ಉದ್ಯಮಿಯು ತನ್ನ ಎಂಜಿನಿಯರರನ್ನು ಕೇಳಲೇಬೇಕಾದ ಕೆಲವು ಪ್ರಶ್ನೆಗಳಿಗೆ ಕೂಡಿಸುವ, ಗುಣಿಸುವ ಲೆಕ್ಕವೇ ಸಾಕಾಗುತ್ತದೆ.

ಬಳಕೆ ಬದಲಾದರೆ ಭಾರವೂ ಬದಲು

ಭಾರತೀಯ ಮಾನಕ ಐ.ಎಸ್. 875ರ ಎರಡನೇ ಭಾಗವು ಯಾವ ಬಳಕೆಯ ಕಟ್ಟಡಕ್ಕೆ ಎಷ್ಟು ಭಾರವನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ನಿಗದಿಪಡಿಸಿದೆ. ವಾಸದ ಕೋಣೆಗೆ ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ, ಚಿಲ್ಲರೆ ಅಂಗಡಿಗೆ 400 ಕಿಲೋ, ಹಗುರ ಯಂತ್ರಗಳ ಕಾರ್ಖಾನೆಗೆ 500 ಕಿಲೋ, ಉಗ್ರಾಣಕ್ಕೆ ಕನಿಷ್ಠ 750 ಕಿಲೋ.

ಆರ್.ಟಿ. ನಗರದ 30-40 ಅಡಿ ನಿವೇಶನದಲ್ಲಿ ವಾಸಕ್ಕೆಂದು ಕಟ್ಟಿದ ಮನೆಯ ಮೊದಲ ಮಹಡಿಯನ್ನು ಮುದ್ರಣಾಲಯವೊಂದು ಬಾಡಿಗೆಗೆ ಪಡೆಯಿತೆನ್ನೋಣ. ಒಂದು ಘನ ಮೀಟರ್ ಕಾಗದದ ತೂಕ ಸುಮಾರು 750 ಕಿಲೋ. ಒಂದು ಮೀಟರ್ ಎತ್ತರಕ್ಕೆ ಕಾಗದವನ್ನು ಪೇರಿಸಿದರೆ, ಅದರ ಕೆಳಗಿನ ತಾರಸಿಯು ತಾನು ಹೊರಬೇಕಾದುದರ ಸುಮಾರು ನಾಲ್ಕು ಪಟ್ಟು ಹೊರುತ್ತದೆ. ಯಶವಂತಪುರದ ದವಸಧಾನ್ಯ ವರ್ತಕರ ಲೆಕ್ಕವೂ ಇಂತಹುದೇ. 50 ಕಿಲೋ ಅಕ್ಕಿ ಮೂಟೆಯು ಸುಮಾರು ಅರ್ಧ ಚದರ ಮೀಟರ್ ಜಾಗ ಹಿಡಿಯುತ್ತದೆ. ಹತ್ತು ಮೂಟೆಗಳನ್ನು ಒಂದರ ಮೇಲೊಂದು ಇಟ್ಟರೆ ಚದರ ಮೀಟರಿಗೆ ಒಂದು ಟನ್ ಆಯಿತು. ಇದು ಉಗ್ರಾಣದ ಕನಿಷ್ಠ ಮಿತಿಯನ್ನೂ ಮೀರುತ್ತದೆ. ಆದುದರಿಂದ ಗೋದಾಮು ಕಟ್ಟಿಸುವವರು ಸರಕು ಯಾವುದು, ಎಷ್ಟು ಎತ್ತರಕ್ಕೆ ಪೇರಿಸಲಾಗುವುದು ಎಂಬುದನ್ನು ವಿನ್ಯಾಸಕಾರರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಹಳೆಯ ಮನೆಯಲ್ಲಿ ವ್ಯಾಪಾರ ನಡೆಸುವವರು ಭಾರದ ಸರಕನ್ನು ನೆಲಮಟ್ಟದಲ್ಲಿಯೇ ಇಡುವುದು ಕ್ಷೇಮ.

ಮೇಲಿನ ಮಹಡಿ, ಕೆಳಗಿನ ಪಾಯ

ವ್ಯಾಪಾರ ವೃದ್ಧಿಯಾದಾಗ ಇನ್ನೊಂದು ಮಹಡಿ ಏರಿಸುವ ಆಲೋಚನೆ ಸಹಜ. ಆದರೆ ಆ ಮಹಡಿಯ ಭಾರವೆಲ್ಲ ಹಳೆಯ ಕಂಬಗಳ ಮೂಲಕ ಹಳೆಯ ಪಾಯಕ್ಕೇ ಇಳಿಯುತ್ತದೆ. ಮೂಲ ವಿನ್ಯಾಸದಲ್ಲಿ ಎಷ್ಟು ಅಂತಸ್ತುಗಳಿಗೆ ಅವಕಾಶವಿತ್ತೆಂಬುದನ್ನು ನಕ್ಷೆಯಿಂದ ತಿಳಿಯದೆ ಒಂದು ಇಟ್ಟಿಗೆಯನ್ನೂ ಏರಿಸಬಾರದು. ನೀರಿನ ತೊಟ್ಟಿಯನ್ನೂ ಹಗುರವೆಂದು ಭಾವಿಸಲಾಗದು: 5,000 ಲೀಟರ್ ನೀರೆಂದರೆ 5 ಟನ್ ಭಾರ.

ನೆಲಮಾಳಿಗೆಯಲ್ಲಿ ರೋಲಿಂಗ್ ಶಟರಿನ ಅಂಗಡಿಗಳು ಅಥವಾ ವಾಹನ ನಿಲುಗಡೆ, ಮೇಲೆ ಗೋಡೆಗಳಿಂದ ತುಂಬಿದ ಮಹಡಿಗಳು. ಇದು ನಮ್ಮಲ್ಲಿ ಸಾಮಾನ್ಯ ರಚನೆ. ಗೋಡೆಗಳಿಲ್ಲದ ಕೆಳ ಅಂತಸ್ತು ಭೂಕಂಪದಲ್ಲಿ ದುರ್ಬಲವೆಂಬುದು 2001ರ ಜನವರಿಯ ಗುಜರಾತ್ ಭೂಕಂಪದಲ್ಲಿ ಅಹಮದಾಬಾದಿನ ಕಟ್ಟಡಗಳಿಂದ ತಿಳಿದುಬಂದಿತು. ಬೆಂಗಳೂರು ಅಷ್ಟು ಅಪಾಯದ ವಲಯವಲ್ಲದಿದ್ದರೂ, ಅಂತಹ ಅಂತಸ್ತಿನ ಕಂಬಗಳಿಗೆ ವಿಶೇಷ ಗಮನ ಬೇಕು.

ಮಣ್ಣಿನ ಪರೀಕ್ಷೆ

ಉತ್ತರ ಬೆಂಗಳೂರು ಕೆರೆಗಳ ಸೀಮೆ. ಹೆಬ್ಬಾಳ, ಜಕ್ಕೂರು, ಯಲಹಂಕದ ಕೆರೆಗಳು ಇಂದಿಗೂ ಇವೆ. ಕೆರೆಯ ಅಂಚು, ರಾಜಕಾಲುವೆಯ ದಡ ಹಾಗೂ ಮಣ್ಣು ತುಂಬಿ ಸಮತಟ್ಟು ಮಾಡಿದ ನಿವೇಶನಗಳಲ್ಲಿ, ಪಕ್ಕದ ನಿವೇಶನದವರು ನಾಲ್ಕಡಿಗೆ ಪಾಯ ಹಾಕಿದ್ದಾರೆಂಬುದು ನಮಗೆ ಆಧಾರವಾಗಲಾರದು. ಒಂದೇ ಕಟ್ಟಡದ ಒಂದು ಮೂಲೆ ಗಟ್ಟಿ ನೆಲದ ಮೇಲೂ ಇನ್ನೊಂದು ತುಂಬಿದ ಮಣ್ಣಿನ ಮೇಲೂ ನಿಂತರೆ, ಎರಡೂ ಸಮನಾಗಿ ಇಳಿಯದೆ ಗೋಡೆಗಳಲ್ಲಿ ಓರೆಯಾದ ಬಿರುಕುಗಳು ಮೂಡುತ್ತವೆ. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯವು 2021ರಲ್ಲಿಯೂ 2024ರಲ್ಲಿಯೂ ಜಲಾವೃತವಾದುದನ್ನು ನೆನೆದರೆ, ನೀರಿನ ಹರಿವನ್ನು ಅರಿಯದೆ ನಿವೇಶನ ಕೊಳ್ಳುವುದು ಸಲ್ಲದೆಂಬುದು ಮನದಟ್ಟಾಗುತ್ತದೆ.

ಶೀಟಿನ ಶೆಡ್ಡುಗಳು

ಶೆಡ್ಡಿನ ಛಾವಣಿಯು ಭಾರದಿಂದ ಕುಸಿಯುವುದಕ್ಕಿಂತ ಗಾಳಿಯಿಂದ ಮೇಲಕ್ಕೆ ಹಾರುವ ಭಯವೇ ಹೆಚ್ಚು. ಬೆಂಗಳೂರಿಗೆ ಮಾನಕವು ಸೂಚಿಸುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ದೊಡ್ಡ ಬಾಗಿಲು ತೆರೆದಿರುವಾಗ ಗಾಳಿ ಒಳನುಗ್ಗಿ ಶೀಟನ್ನು ಒಳಗಿನಿಂದ ಎತ್ತುತ್ತದೆ. ಕಂಬಗಳ ನಡುವೆ ಓರೆಯಾಗಿ ಬಿಗಿದ ಕಬ್ಬಿಣದ ಕಟ್ಟುಗಳನ್ನು ಲಾರಿಗೆ ಅಡ್ಡಿಯೆಂದು ಕತ್ತರಿಸುವ ರೂಢಿ ಕೆಲವೆಡೆ ಇದೆ. ಗಾಳಿಯನ್ನು ತಡೆಯುವುದೇ ಆ ಕಟ್ಟುಗಳು. ಅವುಗಳ ಸ್ಥಳ ಬದಲಿಸಬೇಕಾದರೆ ವಿನ್ಯಾಸಕಾರರನ್ನು ಕೇಳಿಯೇ ಬದಲಿಸಬೇಕು.

ಕೆಲಸದ ಸ್ಥಳದಲ್ಲಿ

ವಿನ್ಯಾಸ ಎಷ್ಟೇ ಸಮರ್ಪಕವಾಗಿದ್ದರೂ ಅವಸರವು ಅದನ್ನು ಕೆಡಿಸಬಲ್ಲದು. ಐ.ಎಸ್. 456ರ ಪ್ರಕಾರ 4.5 ಮೀಟರ್‌ವರೆಗಿನ ತಾರಸಿಯ ಕೆಳಗಿನ ಆಸರೆಗಳನ್ನು ಸಾಮಾನ್ಯವಾಗಿ 7 ದಿನ, ಅದಕ್ಕೂ ಹೆಚ್ಚಿನದಕ್ಕೆ 14 ದಿನ ತೆಗೆಯಬಾರದು. 6 ಮೀಟರ್ ಮೀರಿದ ತೊಲೆಗಳಿಗೆ 21 ದಿನ. ಕಾಂಕ್ರೀಟನ್ನು ಸುಲಭವಾಗಿ ಹರಡಲೆಂದು ಮೇಸ್ತ್ರಿಯು ಸುರಿಯುವ ಹೆಚ್ಚುವರಿ ನೀರು ಅದರ ಬಲವನ್ನೇ ಕುಗ್ಗಿಸುತ್ತದೆ. ಪ್ರತಿ ಹಂತದಲ್ಲಿ 150 ಮಿಲಿಮೀಟರಿನ ಘನಗಳನ್ನು ಅಚ್ಚು ಹಾಕಿಸಿ, 28ನೆಯ ದಿನ ಪರೀಕ್ಷಿಸಿ, ಆ ವರದಿಯನ್ನು ಗುತ್ತಿಗೆದಾರರ ಬಿಲ್ಲಿನೊಡನೆ ಲಗತ್ತಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಿರಿ. ವರದಿ ಬಾರದೆ ಹಣ ಪಾವತಿಸಬೇಡಿ.

ವಿಮೆ ಮತ್ತು ತೆರಿಗೆ

ವಿಮೆ ಇದೆಯೆಂಬ ಧೈರ್ಯಕ್ಕೂ ಮಿತಿಯಿದೆ. ನೆಲ ಕುಸಿತಕ್ಕೆ ರಕ್ಷಣೆ ನೀಡುವ ಅಗ್ನಿ ವಿಮೆಯ ಪ್ರಮಾಣಿತ ಷರತ್ತು, ದೋಷಪೂರಿತ ವಿನ್ಯಾಸ, ಕಳಪೆ ಕಾಮಗಾರಿ ಅಥವಾ ಕಳಪೆ ಸಾಮಗ್ರಿಯಿಂದಾದ ಹಾನಿಯನ್ನು ಹೊರಗಿಡುತ್ತದೆ. ಹೊಸ ಕಟ್ಟಡದ ಸಹಜ ಬಿರುಕುಗಳಿಗೂ ಪರಿಹಾರವಿಲ್ಲ. ಐದು ಕೋಟಿ ರೂಪಾಯಿಗಳವರೆಗಿನ ಆಸ್ತಿಗೆಂದು 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿಯಲ್ಲಿಯೂ ಇದೇ ನಿಲುವು. ಮನೆಯು ಗೋದಾಮಾದಾಗ ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸುವುದು ಅಗತ್ಯ.

ಜಿ.ಎಸ್.ಟಿ. ವಿಷಯದಲ್ಲಿ ಒಂದು ಅನುಕೂಲವುಂಟು. ಸ್ವಂತ ಕಟ್ಟಡದ ನಿರ್ಮಾಣಕ್ಕೆ ಹೂಡುವಳಿ ತೆರಿಗೆ ಜಮೆಯನ್ನು ಕಾಯಿದೆಯ 17(5)ನೇ ಕಲಮು ನಿರ್ಬಂಧಿಸುತ್ತದೆ. ಆದರೆ ಯಂತ್ರಸ್ಥಾವರದ ಅಡಿಪಾಯ ಮತ್ತು ಆಧಾರ ರಚನೆಗಳು ಈ ನಿರ್ಬಂಧಕ್ಕೆ ಒಳಪಡುವುದಿಲ್ಲ. ಅದುರುವ ಯಂತ್ರಗಳಿಗೆ ಕಟ್ಟಡದ ಪಾಯದಿಂದ ಬೇರ್ಪಟ್ಟ ಅಡಿಪಾಯವಿರಬೇಕೆಂಬುದು ಎಂಜಿನಿಯರರ ಸಲಹೆ. ಅದಕ್ಕೆ ಪ್ರತ್ಯೇಕ ನಕ್ಷೆ, ಪ್ರತ್ಯೇಕ ಬಿಲ್ಲು ಪಡೆದರೆ ಕಟ್ಟಡಕ್ಕೂ ಹಿತ, ತೆರಿಗೆಯ ಲೆಕ್ಕಕ್ಕೂ ಹಿತ.

ಕೊನೆಯದಾಗಿ, ಪ್ರತಿಯೊಬ್ಬ ಉದ್ಯಮಿಯೂ ಒಂದು ಕಡತವನ್ನು ತೆರೆಯಲಿ. ಮಂಜೂರಾದ ನಕ್ಷೆ, ಕಂಬ-ತೊಲೆಗಳ ರಚನಾ ನಕ್ಷೆ, ಮಣ್ಣಿನ ವರದಿ, ಘನ ಪರೀಕ್ಷೆಯ ವರದಿಗಳು ಮತ್ತು ವಿನ್ಯಾಸಕಾರರ ಸಹಿಯುಳ್ಳ ಪ್ರಮಾಣಪತ್ರ ಅದರಲ್ಲಿರಲಿ. ಬಾಡಿಗೆ ಕಟ್ಟಡವಾದರೆ ಮಹಡಿಯು ಹೊರಬಲ್ಲ ಭಾರವನ್ನು ಕರಾರಿನಲ್ಲಿಯೇ ನಮೂದಿಸಲಿ. ಬಿರುಕು ಹಿಗ್ಗುತ್ತಿದ್ದರೆ, ತಾರಸಿ ಬಾಗಿದ್ದರೆ ಅಥವಾ ಬಾಗಿಲುಗಳು ಇದ್ದಕ್ಕಿದ್ದಂತೆ ಬಿಗಿಯಾದರೆ, ಬಣ್ಣ ಬಳಿಯುವವರಿಗೂ ಮೊದಲು ರಚನಾ ಎಂಜಿನಿಯರರನ್ನು ಕರೆಸಿರಿ. ಅವರ ಶುಲ್ಕವು ಆ ವರ್ಷದ ಖರ್ಚು. ಆ ಸೂರಿನಡಿ ದುಡಿಯುವವರ ಜೀವಕ್ಕೆ ಸವಕಳಿಯ ದರವೆಂಬುದಿಲ್ಲ.