ತೋಟದಲ್ಲೊಂದು ಇಟಾಲಿಯನ್ ಪಾಠ

ಇಟಾಲಿಯನ್ ಪದಗಳನ್ನು ಇಂಗ್ಲಿಷಿನಂತೆ ಓದಿದರೆ ಉಚ್ಚಾರ ಕೆಡುತ್ತದೆ. ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡರೆ ಕಲಿಕೆ ಸುಲಭ. ತೋಟದ ಪದಗಳನ್ನೇ ನೋಡೋಣ.

ಹೂದೋಟಕ್ಕೆ ‘ಜಾರ್ದೀನೊ’, ತರಕಾರಿ ತೋಟಕ್ಕೆ ‘ಒರ್ತೊ’ ಎನ್ನುತ್ತಾರೆ. ಪಾದುವಾ ವಿಶ್ವವಿದ್ಯಾಲಯಕ್ಕಾಗಿ 1545ರಲ್ಲಿ ಮಾಡಿದ, ಇಂದಿಗೂ ಇರುವ ಸಸ್ಯೋದ್ಯಾನದ ಹೆಸರು ‘ಒರ್ತೊ ಬೊತಾನಿಕೊ’. ಇಲ್ಲಿ ಬರುವುದು ನಮ್ಮ ತ, ದ. ಇಂಗ್ಲಿಷಿನ ಟ, ಡ ಅಲ್ಲ. ಮರ ‘ಆಲ್ಬೆರೊ’, ಹೂ ‘ಫ್ಯೋರೆ’, ಎಲೆ ‘ಫೊಲ್ಯ’. ಫ ಅಕ್ಷರವನ್ನು ‘ಫೀಸು’ ಎನ್ನುವಾಗಿನಂತೆ ಹೇಳಬೇಕು.

ಒತ್ತಕ್ಷರವನ್ನು ಮರೆಯಬಾರದು. ‘ಪಾಲ’ ಎಂದರೆ ಮಣ್ಣು ಅಗೆಯುವ ಸಲಿಕೆ, ‘ಪಲ್ಲ’ ಎಂದರೆ ಚೆಂಡು! ಕನ್ನಡದ ‘ಎಲೆ’ ಮತ್ತು ‘ಎಲ್ಲೆ’ ಬೇರೆಯಾದಂತೆ ಇದೂ ಬೇರೆ. ಈ ವ್ಯತ್ಯಾಸ ಇಂಗ್ಲಿಷ್ ಮಾತ್ರ ಬಲ್ಲವರಿಗೆ ಕಷ್ಟ, ನಮಗಲ್ಲ.

ನನ್ನಂತೆ ಮನೆಯಲ್ಲಿ ಉರ್ದು ಮಾತಾಡುವವರಿಗೆ ಇನ್ನೊಂದು ಖುಷಿ ಇದೆ. ಮಲ್ಲಿಗೆಯ ಜಾತಿಯ ಹೂವಿಗೆ ಇಟಾಲಿಯನ್ನಿನಲ್ಲಿ ‘ಜೆಲ್ಸೊಮೀನೊ’, ಉರ್ದುವಿನಲ್ಲಿ ‘ಯಾಸ್ಮೀನ್’. ಕಿತ್ತಳೆಗೆ ಅಲ್ಲಿ ‘ಅರಾಂಚ’, ನಮ್ಮಲ್ಲಿ ‘ನಾರಂಗಿ’. ಫಾರಸಿಯಲ್ಲಿದ್ದ ಈ ಪದಗಳು ಅರಬ್ಬಿಯ ಮೂಲಕ ಇಟಲಿಗೆ ಹೋದವು. ದಾರಿಯಲ್ಲಿ ಕಿತ್ತಳೆ ತನ್ನ ಮೊದಲ ‘ನ’ಕಾರವನ್ನು ಕಳೆದುಕೊಂಡಿತು.

ಹೊಸ ಭಾಷೆಗೆ ಹೆದರಬೇಕಿಲ್ಲ ಗೆಳೆಯರೇ. ಅದಕ್ಕೆ ಬೇಕಾದ ಅರ್ಧ ಸಿದ್ಧತೆ ನಮ್ಮ ನಾಲಿಗೆಯಲ್ಲೇ ಇದೆ.