ಹೆಲ್ಮೆಟ್ಟಿನ ಮೇಲಿನ ಇಸ್ಪೀಟು ಗುರುತು

ಪ್ರಶ್ನೆ: ಎರಡನೆಯ ಮಹಾಯುದ್ಧದ ಹೆಲ್ಮೆಟ್ಟುಗಳ ಮೇಲಿನ ಚಿತ್ರ, ಹೆಸರುಗಳು ಅಸಲಿಯೇ ಎಂಬುದನ್ನು ಸಂಗ್ರಾಹಕರು ಹೇಗೆ ತಿಳಿಯುತ್ತಾರೆ?

ಉತ್ತರ: 1941ರಲ್ಲಿ ಅಮೆರಿಕದ ಸೇನೆ ಅಳವಡಿಸಿಕೊಂಡ ಎಂ-1 ಹೆಲ್ಮೆಟ್ಟು ಉಕ್ಕಿನ ಹೊರಚಿಪ್ಪು ಮತ್ತು ತಲೆಗೆ ಹೊಂದಿ ಕೂರುವ ಹಗುರ ಒಳಚಿಪ್ಪು ಎಂಬ ಎರಡು ಭಾಗಗಳದ್ದು. 101ನೆಯ ವಾಯುಗಾಮಿ ವಿಭಾಗದ, ಅಂದರೆ ಪ್ಯಾರಾಚೂಟ್ ಮತ್ತು ಗ್ಲೈಡರುಗಳಿಂದ ಇಳಿಯುವ ಪಡೆಯ, 506ನೆಯ ರೆಜಿಮೆಂಟು ಅದರ ಪಕ್ಕಕ್ಕೆ ಇಸ್ಪೀಟನ್ನೂ 502ನೆಯದು ಆಟೀನನ್ನೂ ಬಳಿದುಕೊಂಡಿದ್ದರೆ, ಅನೇಕ ತುಕಡಿಗಳಲ್ಲಿ ಅಧಿಕಾರಿಗಳ ಹೆಲ್ಮೆಟ್ಟಿನ ಹಿಂಬದಿಗೆ ನಿಂತ ಗೆರೆ, ಸಾರ್ಜೆಂಟರದಕ್ಕೆ ಮಲಗಿದ ಗೆರೆ ಇರುತ್ತಿತ್ತು. ಹಿಂದೆ ಬರುವವರಿಗೆ ನಾಯಕ ಕಾಣಬೇಕು, ಎದುರಿನ ಶತ್ರುವಿಗೆ ಕಾಣಬಾರದು ಎಂಬುದೇ ಇದರ ಜಾಣತನ.

ಇಂಥ ಗುರುತಿದ್ದರೆ ಬೆಲೆ ಏರುವುದರಿಂದ ಸಾದಾ ಹೆಲ್ಮೆಟ್ಟಿಗೆ ಈಗ ಬಣ್ಣ ಬಳಿದು ಮಾರುವ ಕೈಚಳಕಕ್ಕೂ ಕೊರತೆಯಿಲ್ಲ. ಗೀರುಗಳು ಚಿತ್ರವನ್ನೂ ಅದರ ಕೆಳಗಿನ ಬಣ್ಣವನ್ನೂ ಒಟ್ಟಿಗೆ ಸೀಳಿವೆಯೇ, ಅಥವಾ ಹೊಸ ಬಣ್ಣ ಹಳೆಯ ಗೀರಿನೊಳಕ್ಕೆ ಇಳಿದು ಕುಳಿತಿದೆಯೇ ಎಂಬುದನ್ನು ಪರಿಣತರು ಭೂತಗನ್ನಡಿ ಹಿಡಿದು ನೋಡುತ್ತಾರೆ. ಇದಕ್ಕಿಂತ ಉಪಯುಕ್ತವಾದುದು, ಹೆಲ್ಮೆಟ್ಟಿನಲ್ಲೂ ಸಿಕ್ಕಿದರೆ, ಲಾಂಡ್ರಿ ಸಂಖ್ಯೆ, ಅಂದರೆ ಒಗೆಯಲು ಹಾಕಿದ ಬಟ್ಟೆ ಅದಲುಬದಲಾಗದಿರಲೆಂದು ಒತ್ತುತ್ತಿದ್ದ, ಮನೆತನದ ಹೆಸರಿನ ಮೊದಲಕ್ಷರ ಹಾಗೂ ಸೇವಾಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳ ಗುರುತು. ಆದರೆ 1973ರಲ್ಲಿ ಸೇಂಟ್ ಲೂಯಿಸ್ ಬಳಿಯ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ ಸೇನೆಯ ಕೋಟಿಗೂ ಮಿಕ್ಕಿದ ಕಡತಗಳು ಸುಟ್ಟುಹೋದುದರಿಂದ, ಆ ಅಂಕಿಯಿಂದ ಮನುಷ್ಯನವರೆಗಿನ ದಾರಿ ಎಷ್ಟೋ ಬಾರಿ ಅರ್ಧಕ್ಕೇ ನಿಲ್ಲುತ್ತದೆ.